ಮನೆಯ ಫೋಟೋಗಳ ಬೀಗದಕೈ ಯಾರ ಬಳಿ ಇರಬೇಕು?

ಕಳೆದ ಬೇಸಿಗೆಯಲ್ಲಿ ಸಾಗರಕ್ಕೆ ಹೋದಾಗ ಅಕ್ಕ ಫೋನನ್ನು ಕೈಗಿಟ್ಟು, “ಸ್ಟೋರೇಜ್ ಫುಲ್ ಅಂತ ಬರ್ತಿದೆ ನೋಡೋ, ಒಂದು ಫೋಟೋನೂ ತೆಗೆಯೋಕಾಗ್ತಿಲ್ಲ” ಅಂದಳು. ಗ್ಯಾಲರಿ ತೆರೆದರೆ ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ಚಿತ್ರಗಳು. ಮುಕ್ಕಾಲು ಪಾಲು ಶುಭೋದಯದ ಹೂಗಳು, ಯಾರ ಯಾರದೋ ಮದುವೆ ಕರೆಯೋಲೆಗಳು, ಅಡಿಕೆ ಧಾರಣೆಯ ಪಟ್ಟಿಗಳು. ಅವುಗಳ ನಡುನಡುವೆ ಭಾವನ ಮಂಡಿ ಆಪರೇಷನ್ನಿನ ಗಾಯದ ಚಿತ್ರ, ಡಾಕ್ಟರಿಗೆ ಕಳಿಸಲು ತೆಗೆದದ್ದು. ಜಮೀನಿನ ಪಹಣಿ, ಆಧಾರ್ ಕಾರ್ಡಿನ ಎರಡೂ ಮಗ್ಗುಲು. ಮಗಳ ಬಾಣಂತನದ ದಿನಗಳು. ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಅಜ್ಜಿಯ ಚಾಚಿದ ಕಾಲುಗಳ ಮೇಲೆ ಮಲಗಿ ನೀರು ಹಾಕಿಸಿಕೊಳ್ಳುತ್ತಿರುವ ಮೊಮ್ಮಗ.

“ಇವೆಲ್ಲ ಬೇರೆ ಕಡೆ ಎಲ್ಲಾದರೂ ಇದಾವಾ?” ಅಂತ ಕೇಳಿದೆ. “ಗೂಗಲ್ಲಿಗೆ ತಾನಾಗೇ ಹೋಗತ್ತಂತಲ್ಲ” ಅಂದಳು. ಹೋಗುತ್ತಿರಲಿಲ್ಲ. ಉಚಿತವಾಗಿ ಸಿಗುವ 15 ಜಿಬಿ ತುಂಬಿ ಎಂಟು ತಿಂಗಳಾಗಿತ್ತು, ಬ್ಯಾಕಪ್ ಅಂದೇ ನಿಂತಿತ್ತು. ಮೊಮ್ಮಗ ಹುಟ್ಟಿ ಏಳು ತಿಂಗಳು. ಅವನ ಒಂದೊಂದು ಚಿತ್ರವೂ ಆ ಒಂದು ಫೋನಿನಲ್ಲಿ ಮಾತ್ರ ಇತ್ತು. ಇಲ್ಲ, ಹಾಗೂ ಹೇಳುವಂತಿಲ್ಲ. ವಾಟ್ಸ್ಆ್ಯಪ್ಪಿನ ಎರಡು ಮೂರು ಗುಂಪುಗಳಿಗೆ ಅಕ್ಕ ಕಳಿಸಿದ್ದ ಚಿತ್ರಗಳು ನೂರಾರು ಜನರ ಫೋನಿನಲ್ಲೂ ಇದ್ದವು.

ಮನೆಯ ಚಿತ್ರಗಳಿಗೆ ಇರುವ ಅಪಾಯ ಎರಡು ಬಗೆಯದು. ಇರಬೇಕಾದ ಕಡೆ ಇಲ್ಲದೆ ಕಳೆದುಹೋಗುವುದು ಒಂದು, ಇರಬಾರದ ಕಡೆ ಇದ್ದು ಕಂಡವರ ಕಣ್ಣಿಗೆ ಬೀಳುವುದು ಇನ್ನೊಂದು. ಅಂಗೈಯಗಲದ ಒಂದೇ ಫೋನಿನಲ್ಲಿ ಎರಡೂ ಒಟ್ಟಿಗೆ ಇರಬಲ್ಲವು. ಯಾವ ಸೇವೆ ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಒಂದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆದ್ದರಿಂದಲೇ ಸಿಗುವ ಉತ್ತರವೂ ಅರ್ಧವಾಗಿರುತ್ತದೆ. ಕೂಡಿಡುವುದು ಒಂದು ಕೆಲಸ, ಹಂಚುವುದು ಬೇರೆ ಕೆಲಸ ಎಂದು ನಾನು ಕಂಡುಕೊಂಡಿದ್ದೇನೆ. ಒಂದೇ ಆ್ಯಪ್ ಎರಡನ್ನೂ ಮಾಡಲಿ ಎಂದು ಬಿಟ್ಟಲ್ಲಿಂದಲೇ ತೊಂದರೆ ಶುರುವಾಗುತ್ತದೆ.

ಉಚಿತದ ಕಥೆಯನ್ನು ಮೊದಲು ನೋಡೋಣ, ಏಕೆಂದರೆ ನಮ್ಮಲ್ಲಿ ಬಹುತೇಕರು ಈ ಲೋಕಕ್ಕೆ ಕಾಲಿಟ್ಟದ್ದು ಉಚಿತದ ಬಾಗಿಲಿನಿಂದ. 2015ರ ಮೇ ತಿಂಗಳಲ್ಲಿ ಗೂಗಲ್ ಫೋಟೋಸ್ ಬಂದಾಗ, 16 ಮೆಗಾಪಿಕ್ಸೆಲ್ ಮಿತಿಯೊಳಗೆ ಕುಗ್ಗಿಸಿಕೊಳ್ಳಲು ಒಪ್ಪಿದರೆ ಎಷ್ಟು ಚಿತ್ರ ಬೇಕಾದರೂ ಇಟ್ಟುಕೊಳ್ಳಿ ಎಂದಿತು. ಆರು ವರ್ಷ ಇಟ್ಟೆವು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತು, ಹೊಸ ಚಿತ್ರಗಳೆಲ್ಲ ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿದ ಆ 15 ಜಿಬಿಯ ಲೆಕ್ಕಕ್ಕೆ ಬಂದವು. ಫ್ಲಿಕರ್ ಇನ್ನೂ ಹಳೆಯದು, 2004ರದ್ದು. 2013ರಲ್ಲಿ ಅದು ಒಂದು ಟಿಬಿ ಜಾಗವನ್ನು ಉಚಿತವಾಗಿ ಕೊಟ್ಟಿತು. 2018ರಲ್ಲಿ ಸ್ಮಗ್‌ಮಗ್ ಎಂಬ ಕಂಪನಿ ಅದನ್ನು ಕೊಂಡುಕೊಂಡು, ಉಚಿತ ಖಾತೆಗೆ ಸಾವಿರ ಚಿತ್ರಗಳ ಮಿತಿ ಹಾಕಿ, ಹೆಚ್ಚಿನವನ್ನು ಇಳಿಸಿಕೊಳ್ಳಲು ಗಡುವು ಕೊಟ್ಟಿತು. ಯಾಹೂ ಫೋಟೋಸ್ 2007ರಲ್ಲಿ ಮುಚ್ಚಿತು. ಕೊಡ್ಯಾಕ್ ಗ್ಯಾಲರಿ 2012ರಲ್ಲಿ ಮುಚ್ಚಿತು. ನಮ್ಮ ಕಾಲೇಜು ದಿನಗಳ ಚಿತ್ರಗಳಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಹೋಯಿತು. ಅಮೆರಿಕಕ್ಕೆ ಹೋದ ಮಕ್ಕಳು ಊರಿಗೆ ಹಿಮದ ಚಿತ್ರ ಕಳಿಸುತ್ತಿದ್ದ ಪಿಕಾಸಾ ವೆಬ್ ಆಲ್ಬಂ 2016ರಲ್ಲಿ.

ಇವರಲ್ಲಿ ಹೆಚ್ಚಿನವರು ಮೊದಲೇ ತಿಳಿಸಿ, ಚಿತ್ರಗಳನ್ನು ಇಳಿಸಿಕೊಳ್ಳಲು ದಾರಿ ಬಿಟ್ಟೇ ಮುಚ್ಚಿದರು. ಆದರೆ ಆ ಇಮೇಲ್ ಹೋದದ್ದು ಯಾರೂ ತೆರೆಯದ ಹಳೆಯ ವಿಳಾಸಕ್ಕೆ. ಹಾಗಾಗಿ ಒಂದು ಸೇವೆ ಆರಿಸುವಾಗ ನಾನು ನೋಡುವ ಮೊದಲ ಗುಣ, ಅಲ್ಲಿಂದ ಹೊರಬರುವ ದಾರಿ ಎಷ್ಟು ಸಲೀಸು ಎಂಬುದು. ಎಲ್ಲ ಚಿತ್ರಗಳನ್ನೂ ಮೂಲ ಗಾತ್ರದಲ್ಲಿ, ತೆಗೆದ ದಿನಾಂಕದ ಸಮೇತ, ಒಟ್ಟಿಗೆ ಇಳಿಸಿಕೊಳ್ಳಬಹುದೇ? ಗೂಗಲ್‌ನ ಟೇಕ್‌ಔಟ್ ಎಂಬ ಸೌಲಭ್ಯದಲ್ಲಿ ಇಳಿಸಿಕೊಳ್ಳಬಹುದು. ಆದರೆ ದಿನಾಂಕ, ವಿವರಣೆಗಳೆಲ್ಲ ಪ್ರತಿ ಚಿತ್ರದ ಪಕ್ಕ ಬೇರೊಂದು ಪುಟ್ಟ ಫೈಲಿನಲ್ಲಿ ಬರುತ್ತವೆ, ಅವನ್ನು ಮತ್ತೆ ಚಿತ್ರಕ್ಕೆ ಹೊಂದಿಸುವುದು ತಲೆನೋವಿನ ಕೆಲಸ. 2019ರ ನವೆಂಬರಿನಲ್ಲಂತೂ ನಾಲ್ಕೈದು ದಿನ ಇದೇ ಟೇಕ್‌ಔಟ್‌ನಲ್ಲಿ ದೋಷವಾಗಿ ಕೆಲವರ ವಿಡಿಯೋಗಳು ಸಂಬಂಧವೇ ಇಲ್ಲದ ಬೇರೆಯವರ ಕಡತಗಳೊಳಗೆ ಸೇರಿಹೋದವು. ಗೂಗಲ್ ಅದನ್ನು ಒಪ್ಪಿಕೊಂಡು ಬಳಕೆದಾರರಿಗೆ ತಿಳಿಸಿತು. ಎಷ್ಟು ದೊಡ್ಡ ಸಂಸ್ಥೆಯಾದರೂ ತಪ್ಪು ನಡೆಯುತ್ತದೆ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ, ಹೆದರಿಸಲಿಕ್ಕಲ್ಲ.

ಇನ್ನು ಮುಖ್ಯ ಮಾತು, ಬೀಗದಕೈಯದು.

ಎಲ್ಲ ಕಂಪನಿಗಳೂ “ನಿಮ್ಮ ಚಿತ್ರಗಳು ಎನ್‌ಕ್ರಿಪ್ಟ್ ಆಗಿವೆ” ಎನ್ನುತ್ತವೆ. ಅದು ಸುಳ್ಳಲ್ಲ. ಕೇಳಬೇಕಾದ್ದು, ಬಿಚ್ಚುವ ಕೈ ಯಾರ ಹತ್ತಿರ ಇದೆ ಎಂದು. ಹಿಂದೆ ಊರಲ್ಲಿ ನಂಬಿಕಸ್ತ ಸಾಹುಕಾರರ ಹತ್ತಿರ ಒಡವೆ ಇಡುವುದಿತ್ತು. ಅವರು ಅದನ್ನು ತಮ್ಮ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು, ಬೀಗದಕೈ ಅವರ ಸೊಂಟದಲ್ಲೇ. ಗೂಗಲ್ ಫೋಟೋಸ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ವಿಶೇಷ ಸೆಟ್ಟಿಂಗ್ ಹಾಕದ ಐಕ್ಲೌಡ್ ಎಲ್ಲವೂ ಈ ರೀತಿಯವು. ಕಳ್ಳರಿಂದ ಭದ್ರ, ಆದರೆ ಸಾಹುಕಾರರು ತೆರೆಯಬಲ್ಲರು, ಕೋರ್ಟು ಆದೇಶಿಸಿದರೆ ತೆರೆದು ಕೊಡಲೇಬೇಕು. ಇನ್ನೊಂದು ರೀತಿಯಲ್ಲಿ ನೀವೇ ನಿಮ್ಮ ಟ್ರಂಕಿಗೆ ಬೀಗ ಹಾಕಿ, ಕೈಯನ್ನು ನಿಮ್ಮಲ್ಲೇ ಇಟ್ಟುಕೊಂಡು, ಟ್ರಂಕನ್ನು ಮಾತ್ರ ಅವರ ಮನೆಯಲ್ಲಿಡುತ್ತೀರಿ. ಒಳಗೇನಿದೆ ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂದರೆ ಇದು. ಚಿತ್ರ ನಿಮ್ಮ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ.

ಮೊದಲ ರೀತಿಯಲ್ಲಿ ಯಾರೋ ಒಬ್ಬ ಉದ್ಯೋಗಿ ಕುಳಿತು ನಮ್ಮ ಮಗುವಿನ ಚಿತ್ರ ನೋಡುತ್ತಾನೆಂದು ತಿಳಿಯಬೇಕಿಲ್ಲ. ನೋಡುವುದು ಯಂತ್ರ. ಮುಖ ಗುರುತಿಸುತ್ತದೆ, ಫಲಕದ ಅಕ್ಷರ ಓದುತ್ತದೆ, ದೇವಸ್ಥಾನ ಯಾವುದು, ಸಮುದ್ರ ಯಾವುದು ಎಂದು ವಿಂಗಡಿಸುತ್ತದೆ. ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಅಜ್ಜಿಯ ಮುಖ ಒತ್ತಿದರೆ ಹತ್ತು ವರ್ಷದ ಅಜ್ಜಿ ಒಂದೇ ಕಡೆ ಸಿಗುತ್ತಾಳೆ. ಆ ಸುಖ ಬೇಡವೆನ್ನಲು ನನಗೂ ಮನಸ್ಸಿಲ್ಲ.

ಆದರೆ ಯಂತ್ರಕ್ಕೆ ಸಂದರ್ಭ ತಿಳಿಯುವುದಿಲ್ಲ. 2021ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂದೆಯೊಬ್ಬ, ಎಳೆಯ ಮಗನ ಗುಪ್ತಾಂಗ ಬಾತುಕೊಂಡದ್ದನ್ನು ಡಾಕ್ಟರಿಗೆ ತೋರಿಸಲೆಂದು ಫೋಟೋ ತೆಗೆದ. ವಿಡಿಯೋ ಕರೆಗೆ ಮುಂಚೆ ಚಿತ್ರ ಕಳಿಸಿ ಎಂದು ಆಸ್ಪತ್ರೆಯವರೇ ಕೇಳಿದ್ದರು. ಚಿತ್ರ ತಾನಾಗಿ ಬ್ಯಾಕಪ್ ಆಯಿತು. ಗೂಗಲ್‌ನ ವ್ಯವಸ್ಥೆ ಅದನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವೆಂದು ಗುರುತಿಸಿತು. ಎರಡೇ ದಿನದಲ್ಲಿ ಖಾತೆ ಬಂದ್. ಇಮೇಲ್, ವರ್ಷಗಳ ಚಿತ್ರಗಳು, ಗೂಗಲ್ಲೇ ಕೊಟ್ಟಿದ್ದ ಫೋನ್ ಸಂಪರ್ಕ, ಎಲ್ಲವೂ ಹೋಯಿತು. ಪೊಲೀಸರು ತನಿಖೆ ನಡೆಸಿ ಯಾವ ಅಪರಾಧವೂ ನಡೆದಿಲ್ಲ ಎಂದರು. ಖಾತೆ ಮಾತ್ರ ಮರಳಲಿಲ್ಲ. ಇದನ್ನು ನ್ಯೂಯಾರ್ಕ್ ಟೈಮ್ಸ್ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ಮಕ್ಕಳ ಶೋಷಣೆಯ ಚಿತ್ರಗಳನ್ನು ಹುಡುಕಿ ತಡೆಯುವುದು ಆಗಲೇಬೇಕಾದ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಎಣ್ಣೆ ನೀರಿನ ಚಿತ್ರ, ಬಾಣಂತಿಯ ಚಿತ್ರ, ಗಾಯದ ಚಿತ್ರ ಇರುವ ಪ್ರತಿ ಮನೆಯವರೂ ಈ ಘಟನೆಯನ್ನು ತಿಳಿದಿರಬೇಕು. ಇಮೇಲು, ಬ್ಯಾಂಕಿನ ಓಟಿಪಿ, ಚಿತ್ರ ಎಲ್ಲವೂ ಒಂದೇ ಖಾತೆಗೆ ಜೋತುಬಿದ್ದರೆ ಒಂದು ತಪ್ಪು ಗುರುತಿಗೆ ಎಲ್ಲವೂ ಹೋಗಬಹುದು.

ಇನ್ನೊಂದು ಪ್ರಕರಣದ ಮೂಲ ದುರಾಸೆ. ಎವರ್ ಎಂಬ ಆ್ಯಪ್ ಜನರ ಕುಟುಂಬದ ಚಿತ್ರಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತಿತ್ತು. ಅದೇ ಚಿತ್ರಗಳಿಂದ ಮುಖ ಗುರುತಿಸುವ ತಂತ್ರಜ್ಞಾನವನ್ನು ಕಲಿಸಿ ಬೇರೆ ಸಂಸ್ಥೆಗಳಿಗೆ ಮಾರಲು ಹೊರಟದ್ದು 2019ರಲ್ಲಿ ಬಯಲಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಆ ಚಿತ್ರಗಳಷ್ಟೇ ಅಲ್ಲ, ಅವುಗಳಿಂದ ಕಲಿತ ಮಾದರಿಗಳನ್ನೂ ಅಳಿಸಿಹಾಕಬೇಕು ಎಂದು ವಿಧಿಸಿತು. ಹೊಸದಾಗಿ ಬರುವ ಉಚಿತ ಫೋಟೋ ಆ್ಯಪ್‌ಗಳ ಬಗ್ಗೆ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದು.

ಈಗ ಒಂದೊಂದಾಗಿ ನೋಡೋಣ. ಐಫೋನ್ ಇರುವವರಿಗೆ ದಾರಿ ಸುಲಭ. ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಅದು ಯಾತಕ್ಕೂ ಸಾಲದು, ಹಣ ಕೊಟ್ಟು ಜಾಗ ಪಡೆಯಲೇಬೇಕು. 2022ರ ಡಿಸೆಂಬರಿನಲ್ಲಿ ಆ್ಯಪಲ್ “ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್” ಎಂಬ ಸೌಲಭ್ಯ ತಂದಿತು. ಅದನ್ನು ಆನ್ ಮಾಡಿದರೆ ಚಿತ್ರಗಳ ಬೀಗದಕೈ ನಿಮ್ಮ ಸಾಧನಗಳಲ್ಲಿ ಮಾತ್ರ ಉಳಿಯುತ್ತದೆ. ತಾನಾಗಿ ಆನ್ ಆಗಿರುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಹಾಕಬೇಕು. ಇದು ಎಷ್ಟು ಗಟ್ಟಿ ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದದ್ದೇ ಸಾಕ್ಷಿ. ಅಲ್ಲಿನ ಸರ್ಕಾರ ಒಳಗೆ ನೋಡುವ ದಾರಿ ಬೇಕೆಂದು ಒತ್ತಾಯಿಸಿತು. 2025ರ ಫೆಬ್ರವರಿಯಲ್ಲಿ ಆ್ಯಪಲ್ ಆ ದೇಶದ ಬಳಕೆದಾರರಿಗೆ ಸೌಲಭ್ಯವನ್ನೇ ಹಿಂತೆಗೆದುಕೊಂಡಿತು. ಬೀಗದಕೈ ಇಂದು ನಮ್ಮಲ್ಲಿದೆ ಎಂದರೆ ನಾಳೆಯೂ ಇರುತ್ತದೆ ಎಂದಲ್ಲ, ಕಾನೂನು ಬದಲಾಗಬಹುದು.

ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆ್ಯಂಡ್ರಾಯ್ಡ್. ಅಲ್ಲಿ ಗೂಗಲ್ ಫೋಟೋಸ್‌ನಷ್ಟು ಚೆನ್ನಾಗಿ, ತೊಂದರೆಯಿಲ್ಲದೆ ನಡೆಯುವುದು ಇನ್ನೊಂದಿಲ್ಲ. 100 ಜಿಬಿಗೆ ವರ್ಷಕ್ಕೆ 1,300 ರೂಪಾಯಿಯ ಆಸುಪಾಸು. ಅದನ್ನು ಮನೆಯ ಐದು ಜನರ ಜೊತೆ ಹಂಚಿಕೊಳ್ಳಬಹುದು, ಜಾಗ ಹಂಚಿಕೊಂಡರೂ ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣುವುದಿಲ್ಲ. ಸಾಮಾನ್ಯ ಚಿತ್ರವೊಂದು ಮೂರು ನಾಲ್ಕು ಎಂಬಿ ಎಂದುಕೊಂಡರೂ 100 ಜಿಬಿಯಲ್ಲಿ ಇಪ್ಪತ್ತೈದು ಸಾವಿರ ಚಿತ್ರ ಹಿಡಿಸುತ್ತವೆ. ಜಾಗ ತಿನ್ನುವುದು ವಿಡಿಯೋ. 4ಕೆಯಲ್ಲಿ ತೆಗೆದ ಒಂದು ನಿಮಿಷಕ್ಕೆ 170ರಿಂದ 400 ಎಂಬಿ ಹೋಗುತ್ತದೆ. ಶಾಲೆಯ ವಾರ್ಷಿಕೋತ್ಸವದ ಹತ್ತು ನಿಮಿಷದ ನೃತ್ಯಕ್ಕೆ ಸಾವಿರ ಚಿತ್ರಗಳಷ್ಟು ಜಾಗವೂ ಹೋಗಬಹುದು. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವು ಕಚೇರಿ ಕಡತಗಳಿಗೆ ಒಳ್ಳೆಯವು, ಮನೆಯ ಚಿತ್ರಗಳಿಗೆ ನಾನು ಸೂಚಿಸುವುದಿಲ್ಲ. ಮೊಬೈಲ್ ಕಂಪನಿಗಳೂ ಜಾಗ ಕೊಡತೊಡಗಿವೆ. ಜಿಯೋ 2024ರ ಆಗಸ್ಟ್‌ನಲ್ಲಿ 100 ಜಿಬಿವರೆಗೆ ಉಚಿತ ಎಂದು ಘೋಷಿಸಿತು. ಏರ್‌ಟೆಲ್ 2025ರಲ್ಲಿ ಗೂಗಲ್‌ನ 100 ಜಿಬಿಯನ್ನು ಆರು ತಿಂಗಳ ಮಟ್ಟಿಗೆ ಕೊಟ್ಟಿತು. ಏಳನೆಯ ತಿಂಗಳು ಏನು ಎಂದು ಕೇಳಿಕೊಂಡು ಒಪ್ಪಿಕೊಳ್ಳಿ. ಸಿಮ್ ಬದಲಿಸಿದರೆ ಚಿತ್ರಗಳ ಗತಿಯೇನು ಎಂದೂ ಕೇಳಿ.

ಬೀಗದಕೈ ನಮ್ಮಲ್ಲೇ ಇರಬೇಕು ಎನ್ನುವವರಿಗೆ ಎಂಟೆ ಎಂಬ ಸೇವೆ ಇದೆ. ಹೆಸರು ಮಲಯಾಳದ್ದು, ‘ನನ್ನ’ ಎಂದರ್ಥ. ಮೊದಲು ಗೂಗಲ್‌ನಲ್ಲಿದ್ದ ಒಬ್ಬರು ಶುರುಮಾಡಿದ್ದು. ಚಿತ್ರಗಳು ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೋಗುತ್ತವೆ, ಮೂರು ಬೇರೆ ಬೇರೆ ಜಾಗಗಳಲ್ಲಿ ಪ್ರತಿಗಳು ಉಳಿಯುತ್ತವೆ. ಮುಖ ಗುರುತಿಸುವ ಕೆಲಸವೂ ಫೋನಿನಲ್ಲೇ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಸರ್ವರ್‌ನ ತಂತ್ರಾಂಶವನ್ನೂ ಬಹಿರಂಗಪಡಿಸಿದರು. ನಾಳೆ ಕಂಪನಿ ಮುಚ್ಚಿದರೂ ತಿಳಿದವರು ತಮ್ಮದೇ ಸರ್ವರ್‌ನಲ್ಲಿ ನಡೆಸಿಕೊಳ್ಳಬಹುದು. ಸ್ವಿಟ್ಜರ್‌ಲೆಂಡಿನ ಪ್ರೋಟಾನ್ ಡ್ರೈವ್ ಕೂಡ ಇದೇ ರೀತಿಯದು, ಆದರೆ ಅದು ಮೂಲತಃ ಕಡತಗಳಿಗೆ ಕಟ್ಟಿದ ಜಾಗ, ಫೋಟೋ ಸೌಲಭ್ಯ ಆಮೇಲೆ ಸೇರಿದ್ದು.

ಇವುಗಳ ತೊಡಕನ್ನು ಮುಚ್ಚಿಡದೆ ಹೇಳಬೇಕು. ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆದು ಕೊಡಲಾರರು. ಎಂಟೆಯವರು 24 ಇಂಗ್ಲಿಷ್ ಪದಗಳ ಒಂದು ಪಟ್ಟಿ ಕೊಡುತ್ತಾರೆ. ಪಾಸ್‌ವರ್ಡೂ ಹೋಗಿ ಆ ಪಟ್ಟಿಯೂ ಹೋದರೆ ಚಿತ್ರಗಳು ಹೋದಂತೆಯೇ. ಪಟ್ಟಿಯನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಡುವವರಿದ್ದಾರೆ. ಫೋನು ನೀರಿಗೆ ಬಿದ್ದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಅಕ್ಕ ಪಾಸ್‌ವರ್ಡುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ಬರೆಯುವುದು ಸರಿ, ಜಾಗ ತಪ್ಪು ಅಂದೆ. ಈಗ ಆ ಹಾಳೆ ಬೀರುವಿನಲ್ಲಿ, ಜಮೀನಿನ ಪತ್ರಗಳ ಜೊತೆಗಿದೆ.

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಇಮ್ಮಿಚ್ ಎಂಬ ಉಚಿತ ತಂತ್ರಾಂಶ ಗೂಗಲ್ ಫೋಟೋಸ್‌ನಂತೆಯೇ ಕಾಣುತ್ತದೆ, ಹಾಗೆಯೇ ನಡೆಯುತ್ತದೆ. ಚಿತ್ರಗಳಿರುವುದು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ. ಬೆಂಗಳೂರಿನ ನನ್ನ ಗೆಳೆಯರು ಕೆಲವರು ಇದನ್ನು ಚೆನ್ನಾಗಿ ನಡೆಸುತ್ತಿದ್ದಾರೆ. ಆದರೆ ಇದು ಹವ್ಯಾಸದಷ್ಟೇ ಶ್ರಮ ಬೇಡುವ ಕೆಲಸ. ಮುಂಗಾರಿಗೆ ಮುಂಚೆ ಗುಡುಗು ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಕೀಳುವುದು ಮೋಡೆಮ್ಮಿನ ವೈರು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದ ಊರಲ್ಲಿ, ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ, ಸರ್ವರ್ ನೋಡಿಕೊಳ್ಳುವವರು ಯಾರು? ಅಕ್ಕನಿಗೆ ನಾನು ಇದನ್ನು ಹೇಳಲಿಲ್ಲ.

ಹಂಚುವ ವಿಷಯಕ್ಕೆ ಬಂದರೆ, ಖಾಸಗಿ ಚಿತ್ರಗಳು ಹೊರಗೆ ಹೋಗುವುದು ಬಹುತೇಕ ಇಲ್ಲಿಂದಲೇ. ನಾವೇ, ಪ್ರೀತಿಯಿಂದಲೇ, ಕಳಿಸಿರುತ್ತೇವೆ.

ಮೊಮ್ಮಗನ ನಾಮಕರಣಕ್ಕೆ ಊರಿನ ಫೋಟೋಗ್ರಾಫರ್ ಬಂದಿದ್ದರು. ವಾರದ ಮೇಲೆ ಒಂದು ಲಿಂಕ್ ಕಳಿಸಿದರು. ಅಕ್ಕ ಅದನ್ನು ಕುಟುಂಬದ ಗುಂಪಿಗೆ ಹಾಕಿದಳು, ಅಲ್ಲಿಂದ ಮಹಿಳಾ ಮಂಡಳಿಯ ಗುಂಪಿಗೂ ಹೋಯಿತು. ಆರು ತಿಂಗಳ ಮೇಲೆ ನಾನು ಲಾಗಿನ್ ಮಾಡದ ಬ್ರೌಸರಿನಲ್ಲಿ ಆ ಲಿಂಕನ್ನು ಒತ್ತಿದೆ. ಒಡನೆ ತೆರೆದುಕೊಂಡಿತು. ಒಂಬೈನೂರು ಚಿತ್ರಗಳು. ತೊಟ್ಟಿಲು, ಹಸೆ, ಊಟದ ಪಂಕ್ತಿ. ನಡುವೆ ಒಂದು ಚಿತ್ರದಲ್ಲಿ ಅರ್ಧ ತೆರೆದ ಬಾಗಿಲ ಆಚೆ ಅಕ್ಕನ ಮಗಳು ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಫೋಟೋಗ್ರಾಫರ್ ತೆಗೆಯಲು ಹೊರಟದ್ದು ಬಾಗಿಲ ತೋರಣವನ್ನು. ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಆದರೆ ಲಿಂಕ್ ಸಿಕ್ಕ ಯಾರಿಗಾದರೂ ಆ ಬಾಗಿಲು ಆರು ತಿಂಗಳಿಂದ ತೆರೆದೇ ಇತ್ತು. ಮುಚ್ಚೋಣವೆಂದರೆ ನಮ್ಮ ಕೈಯಲ್ಲಿರಲಿಲ್ಲ, ಫೋಲ್ಡರು ಅವರ ಖಾತೆಯದು. ಫೋನ್ ಮಾಡಿದೆ. ಅವರು ನೊಂದುಕೊಂಡು ಆಗಲೇ ತೆಗೆದರು. ಅಷ್ಟರೊಳಗೆ ಎಷ್ಟು ಜನ ಇಳಿಸಿಕೊಂಡಿದ್ದರೋ ಹೇಳುವವರಿಲ್ಲ.

ಆದ್ದರಿಂದ ಲಿಂಕ್ ಬಗ್ಗೆ ನನ್ನ ನಿಲುವು ಖಚಿತ. “ಲಿಂಕ್ ಇರುವ ಯಾರಾದರೂ ನೋಡಬಹುದು” ಎಂಬ ಸೆಟ್ಟಿಂಗ್ ಮನೆಯ ಚಿತ್ರಗಳಿಗೆ ಬೇಡ. ಗೂಗಲ್ ಫೋಟೋಸ್‌ನ ಆಲ್ಬಂನಲ್ಲಿ ಲಿಂಕ್ ಹಂಚಿಕೆಯನ್ನು ಆಫ್ ಮಾಡಿ, ಯಾರಿಗೆ ತೋರಿಸಬೇಕೋ ಅವರ ಖಾತೆಯನ್ನೇ ಸೇರಿಸಬಹುದು. ಐಫೋನ್‌ಗಳೇ ಇರುವ ಮನೆಯಲ್ಲಿ ಆರು ಜನರವರೆಗೆ ಸೇರಿ ಒಂದೇ ಲೈಬ್ರರಿ ಮಾಡಿಕೊಳ್ಳಬಹುದು. ಅಲ್ಲಿಯ ಹಳೆಯ ಶೇರ್ಡ್ ಆಲ್ಬಂ ಬೇರೆ, ಅದು ಚಿತ್ರವನ್ನು 2048 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ, ನೋಡಲು ಸಾಕು, ಕೂಡಿಡಲು ಸಾಲದು. ಎಂಟೆಯಲ್ಲಿ ಲಿಂಕಿಗೆ ಪಾಸ್‌ವರ್ಡ್, ಕೊನೆಯ ದಿನಾಂಕ ಎರಡನ್ನೂ ಹಾಕಬಹುದು. ಫೋಟೋಗ್ರಾಫರಿಗೆ ಮುಂಗಡ ಕೊಡುವಾಗಲೇ, ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ, ಲಿಂಕ್ ಬೇಕೇಬೇಕಾದರೆ ನಮಗೆ ಮಾತ್ರ ಕಳಿಸಿ, ಹದಿನೈದು ದಿನಕ್ಕೆ ಮುಚ್ಚಿ ಎಂದು ಹೇಳಿಬಿಡಬೇಕು. ಈಗ ಮದುವೆಮನೆಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸೆಲ್ಫಿ ತೆಗೆದುಕೊಟ್ಟರೆ ನಿಮ್ಮ ಮುಖವಿರುವ ಚಿತ್ರಗಳೆಲ್ಲ ಬರುತ್ತವೆ. ಅನುಕೂಲವೇ. ಆ ಮುಖದ ಗುರುತು ಮದುವೆ ಮುಗಿದ ಮೇಲೆ ಎಲ್ಲಿ ಉಳಿಯುತ್ತದೆ ಎಂದು ಕೇಳುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ 2016ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ದಾರಿಯಲ್ಲಿ ಯಾರೂ ನೋಡಲಾರರು. ಆದರೆ ಎಂಬತ್ತು ಜನರ ಗುಂಪಿಗೆ ಹಾಕಿದ ಚಿತ್ರ ಎಂಬತ್ತು ಗ್ಯಾಲರಿಗಳಲ್ಲಿ ಇಳಿಯುತ್ತದೆ, ಅವರವರ ಫೋನಿನ ಸೆಟ್ಟಿಂಗ್‌ಗೆ ತಕ್ಕಂತೆ ಅವರವರ ಕ್ಲೌಡ್‌ಗೂ ಏರುತ್ತದೆ. ಆಮೇಲೆ ಅದು ನಿಮ್ಮದಲ್ಲ. ಜೊತೆಗೆ ಚಿತ್ರ ಕುಗ್ಗುತ್ತದೆ. ಅದನ್ನು ತಪ್ಪಿಸಲು ಡಾಕ್ಯುಮೆಂಟ್ ಆಗಿ ಕಳಿಸುವವರಿದ್ದಾರೆ. ಹಾಗೆ ಕಳಿಸಿದರೆ ಸ್ಪಷ್ಟತೆ ಉಳಿಯುತ್ತದೆ, ಚಿತ್ರದೊಳಗೆ ಅಡಗಿರುವ ಜಾಗದ ಗುರುತೂ ಹಾಗೆಯೇ ಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಮನೆಯ ಅಕ್ಷಾಂಶ ರೇಖಾಂಶ ಪ್ರತಿ ಚಿತ್ರದಲ್ಲೂ ಬರೆದಿರುತ್ತದೆ. ಮಗುವಿನ ಚಿತ್ರ ಹೊರಗೆ ಕಳಿಸುವ ಮುನ್ನ ಅದನ್ನು ತೆಗೆಯುವುದು ಒಳಿತು.

ಕೂಡಿಡುವ ಜಾಗ ಎಷ್ಟು ಭದ್ರವಾಗಿದ್ದರೂ ಪಾಸ್‌ವರ್ಡ್ ಸಡಿಲವಾದರೆ ಮುಗಿಯಿತು. 2014ರ ಆಗಸ್ಟ್ ಕೊನೆಯಲ್ಲಿ ಹಾಲಿವುಡ್ ನಟಿಯರ ಖಾಸಗಿ ಚಿತ್ರಗಳು ಅಂತರ್ಜಾಲಕ್ಕೆ ಬಂದದ್ದು ಐಕ್ಲೌಡಿನ ಗೋಡೆ ಒಡೆದು ಅಲ್ಲ. ಕಂಪನಿಯಿಂದಲೇ ಬಂದಂತೆ ಕಾಣುವ ಮೋಸದ ಇಮೇಲ್ ಕಳಿಸಿ ಪಾಸ್‌ವರ್ಡ್ ಕೇಳಿ ಪಡೆದಿದ್ದರು. ಎರಡು ಹಂತದ ಪರಿಶೀಲನೆ ಹಾಕಲೇಬೇಕು. ಅದಕ್ಕೆ ಕೊಟ್ಟ ಮೊಬೈಲ್ ನಂಬರು ಇಂದಿಗೂ ನಿಮ್ಮದೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಬಹುಕಾಲ ಬಳಸದ ನಂಬರು ಇನ್ನೊಬ್ಬರ ಪಾಲಾಗುತ್ತದೆ. ಅಕ್ಕನ ಖಾತೆಯಲ್ಲಿದ್ದದ್ದು ಮಗಳು ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ ನಂಬರು.

ಕಾನೂನಿನ ಕಡೆ ನೋಡಿದರೆ ನಾವು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರೊಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಹರೆಯ ದಾಟಿದ ಮೇಲೆ ಹೂಡಿದ ಅರ್ಜಿಯಲ್ಲಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಹೊಣೆ ಹೊರಿಸುತ್ತದೆ. ಮನೆಮಂದಿ ಮನೆಯ ಉದ್ದೇಶಕ್ಕೆ ಚಿತ್ರ ಇಟ್ಟುಕೊಳ್ಳುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಂಥ ಚಿತ್ರವೊಂದು ಹೊರಬಿದ್ದಿದ್ದರೆ, ಅಥವಾ ಹೊರಹಾಕುತ್ತೇನೆಂದು ಯಾರಾದರೂ ಹೆದರಿಸುತ್ತಿದ್ದರೆ, ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ವ್ಯವಸ್ಥೆಯ ನೆರವು ಪಡೆಯಬಹುದು. ಅಲ್ಲಿಗೆ ಚಿತ್ರ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಆ ಸಂಕೇತವಷ್ಟೇ ಅದರಲ್ಲಿ ಸೇರಿರುವ ಸಾಮಾಜಿಕ ಜಾಲತಾಣಗಳಿಗೆ ಹೋಗುತ್ತದೆ. ನಾಚಿಕೆಯಿಂದ ಸುಮ್ಮನಿರುವ ಹೆಣ್ಣುಮಕ್ಕಳಿಗೆ ಇದು ತಿಳಿಯಬೇಕು. ಅವರದೇನೂ ತಪ್ಪಿಲ್ಲ.

ಕಳೆದುಹೋಗುವ ಅಪಾಯಕ್ಕೆ ಮರಳುತ್ತೇನೆ, ಅದು ನನ್ನ ಮನೆಯಲ್ಲೇ ಆದದ್ದು. ಕೆಲವು ವರ್ಷಗಳ ಹಿಂದೆ ನನ್ನ ಫೋನಿನ ಪರದೆ ಒಡೆದಾಗ ರಿಪೇರಿಗೆ ಕೊಟ್ಟೆ. ಅವರು ರೀಸೆಟ್ ಮಾಡಿ ಕೊಟ್ಟರು. ಅಪ್ಪ ತೀರಿಕೊಳ್ಳುವ ಹಿಂದಿನ ದೀಪಾವಳಿಯಲ್ಲಿ, ಹಂಡೆಗೆ ನೀರು ತುಂಬುತ್ತ ತಮ್ಮ ಬಾಲ್ಯದ ಕಥೆ ಹೇಳಿದ್ದ ವಿಡಿಯೋ ಅದರಲ್ಲಿತ್ತು. ನಾಲ್ಕು ನಿಮಿಷದ್ದು. ಬೇರೆ ಪ್ರತಿ ಇರಲಿಲ್ಲ. ಅವರ ದನಿಯ ಬೇರೆ ಯಾವ ಮುದ್ರಣವೂ ನಮ್ಮ ಬಳಿ ಇಲ್ಲ.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಒಂದು ಲೆಕ್ಕವಿದೆ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕ್ಲೌಡ್ ಒಂದೇ ಇದ್ದರೆ ಅದೂ ಒಂದೇ ಪ್ರತಿ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರ 858 ಟಿಬಿ ಕಡತಗಳು ಸುಟ್ಟುಹೋದವು, ಅವುಗಳಿಗೆ ಬೇರೆಡೆ ಪ್ರತಿ ಇರಲಿಲ್ಲ. ಇನ್ನೊಂದು ಎಚ್ಚರ: ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಫೋನಿನಲ್ಲಿ ಜಾಗ ಸಾಲದೆಂದು ಗೂಗಲ್ ಫೋಟೋಸ್‌ನಲ್ಲಿ ಚಿತ್ರ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಉಳಿಯುತ್ತದೆ, ಐಕ್ಲೌಡ್‌ನಲ್ಲಾದರೆ 30 ದಿನ. ಫೋನಿನಿಂದ ಮಾತ್ರ ತೆಗೆಯಲು “ಫ್ರೀ ಅಪ್ ಸ್ಪೇಸ್” ಎಂಬ ಬೇರೆ ಆಯ್ಕೆ ಇದೆ. ಹಾರ್ಡ್ ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟು ಮರೆತರೂ ಆಗದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸಿಡಿಗಳಿಗೆ ಬೂಷ್ಟು ಹಿಡಿದದ್ದನ್ನು ನೋಡಿದ್ದೇವೆ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ವರ್ಷಕ್ಕೆರಡು ಸಲ ಹಚ್ಚಿ ನೋಡಿ, ಐದು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಬೇಕು.

ನಾವು ಹೋದ ಮೇಲೆ ಏನು ಎಂಬುದನ್ನೂ ಈಗಲೇ ಬರೆದಿಡಬಹುದು. ಗೂಗಲ್‌ನಲ್ಲಿ ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ 2013ರಿಂದ ಇದೆ, ಆ್ಯಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ 2021ರಿಂದ. ಬ್ಯಾಂಕಿಗೆ ನಾಮಿನಿ ಬರೆಯುವಷ್ಟೇ ಸುಲಭ, ಐದು ನಿಮಿಷ ಸಾಕು. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಬಲ್ಲದು. ತೀರಿಕೊಂಡವರ ಫೋನು ಕಪಾಟಿನಲ್ಲಿದೆ, ಚಿತ್ರಗಳೆಲ್ಲ ಅವರ ಖಾತೆಯಲ್ಲಿ ಭದ್ರವಾಗಿವೆ ಎಂದುಕೊಂಡಿರುವ ಮನೆಗಳು ಇದನ್ನು ಗಮನಿಸಬೇಕು.

ಅಕ್ಕನಿಗೆ ಕೊನೆಗೆ ಮಾಡಿಕೊಟ್ಟದ್ದು ಇಷ್ಟು. ಹೂವು, ಕರೆಯೋಲೆಗಳನ್ನು ಅಳಿಸಿ, ವಾಟ್ಸ್ಆ್ಯಪ್ ಚಿತ್ರಗಳು ಗ್ಯಾಲರಿಗೆ ತಾವಾಗಿ ಇಳಿಯುವುದನ್ನು ನಿಲ್ಲಿಸಿದೆ. ಹಬ್ಬ, ಪ್ರವಾಸ, ನೆಂಟರಿಷ್ಟರ ಸಾಮಾನ್ಯ ಚಿತ್ರಗಳು ಗೂಗಲ್‌ನ 100 ಜಿಬಿಗೆ. ಎಣ್ಣೆ ನೀರು, ಬಾಣಂತನ, ಭಾವನ ಗಾಯ, ಆಧಾರ್, ಪಹಣಿ ಇವೆಲ್ಲ ಎಂಟೆಗೆ. ಎರಡರ ಪ್ರತಿಯೂ ಒಂದು ಹಾರ್ಡ್ ಡಿಸ್ಕಿನಲ್ಲಿ, ಅದು ಶಿವಮೊಗ್ಗದಲ್ಲಿರುವ ನನ್ನ ಮನೆಯಲ್ಲಿದೆ. ಮೊಮ್ಮಗನ ಆಲ್ಬಂ ನೋಡುವವರು ಒಂಬತ್ತು ಜನ, ಅಷ್ಟೂ ಜನರ ಹೆಸರು ಅಕ್ಕನಿಗೆ ಗೊತ್ತು. ಗುಂಪಿಗೆ ಹಾಕುವ ಚಿತ್ರ ಯಾವುದಾಗಬೇಕು ಎಂಬುದನ್ನು ಮಗಳು ತೀರ್ಮಾನಿಸುತ್ತಾಳೆ, ಚಿತ್ರದಲ್ಲಿರುವುದು ಅವಳ ಮಗು. ಕೆಲಸಕ್ಕೆ ಎರಡು ಮಧ್ಯಾಹ್ನ ಹಿಡಿಯಿತು.

ನೀವೂ ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಫೋನು ತೆಗೆದುಕೊಂಡು, ಬ್ಯಾಕಪ್ ಕಡೆಯ ಬಾರಿ ಆದದ್ದು ಯಾವತ್ತು ಎಂದು ನೋಡಿ.